ಸಾಲಿನ ಕೊನೆಯ ಗುರುತು

ಬೆಂಗಳೂರಿನಿಂದ ಜೋಲಾರ್‌ಪೇಟೆಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಬಂಗಾರಪೇಟೆ ಒಂದು ಮುಖ್ಯ ಜಂಕ್ಷನ್. ಹಿಂದೆ ಅದಕ್ಕೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಅಲ್ಲಿಂದ ಊರಿಗಾಂ, ಚಾಂಪಿಯನ್ ನಿಲ್ದಾಣಗಳ ಮೂಲಕ ಮಾರಿಕುಪ್ಪಂವರೆಗೆ, ಚಿನ್ನದ ಗಣಿಗಳ ನಡುವೆ ಹಾದುಹೋಗುವ ಕವಲುಮಾರ್ಗವು 1894ರಲ್ಲಿ ಆರಂಭವಾಯಿತು. ಅದು ಬ್ರಾಡ್‌ಗೇಜ್. 1913ರಲ್ಲಿ ಕೋಲಾರಕ್ಕೆ ಹಾಕಿದ ಹಳಿಯಾದರೋ ನ್ಯಾರೋಗೇಜ್. ಮೊದಲನೆಯದರಲ್ಲಿ ಕಂಬಿಗಳ ನಡುವಣ ಅಂತರ 1676 ಮಿಲಿಮೀಟರ್; ಎರಡನೆಯದರಲ್ಲಿ 762. ಗಣಿಯ ಕಡೆಯಿಂದ ಬಂದ ಪ್ರಯಾಣಿಕರು ಕೋಲಾರಕ್ಕೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಇಳಿದು ಗಾಡಿ ಬದಲಿಸಬೇಕಾಗಿತ್ತು. ಸರಕನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. 1990ರ ದಶಕದಲ್ಲಿ ಕೋಲಾರದ ಹಳಿಯೂ ಬ್ರಾಡ್‌ಗೇಜ್ ಆದ ಮೇಲೆ ಈ ತೊಡಕು ನೀಗಿತು.

ಗಣಕಯಂತ್ರಗಳ ಲೋಕದಲ್ಲಿಯೂ ಇಂತಹದೇ ಒಂದು ಭೇದವುಂಟು. ಹಳಿಯ ಅಗಲವಾದರೆ ಕಣ್ಣಿಗೆ ಕಾಣುತ್ತದೆ; ಇದು ಕಾಣುವುದಿಲ್ಲ.

ಕಾಗದದ ಮೇಲೆ ಬರೆಯುವವನು ಒಂದು ಸಾಲು ಮುಗಿದೊಡನೆ ಕೈಯನ್ನು ಎಡಕ್ಕೆ ತಂದು ತುಸು ಕೆಳಗೆ ಇಳಿಸುತ್ತಾನೆ. ಹಿಂದಿನ ಟೆಲಿಪ್ರಿಂಟರ್ ಯಂತ್ರದಲ್ಲಿ ಇವು ಎರಡು ಪ್ರತ್ಯೇಕ ಕ್ರಿಯೆಗಳಾಗಿದ್ದವು. ಅಚ್ಚಿನ ಬಂಡಿಯನ್ನು ಎಡ ಅಂಚಿಗೆ ಮರಳಿಸುವ ಆಜ್ಞೆಗೆ ಕ್ಯಾರೇಜ್ ರಿಟರ್ನ್ ಎಂದೂ ಕಾಗದವನ್ನು ಒಂದು ಸಾಲು ಮೇಲೇರಿಸುವ ಆಜ್ಞೆಗೆ ಲೈನ್ ಫೀಡ್ ಎಂದೂ ಹೆಸರು. ಬಂಡಿ ಹಿಂದಿರುಗಲು ಹೆಚ್ಚು ಕಾಲ ಬೇಕಾದುದರಿಂದ ಅದರ ಆಜ್ಞೆಯನ್ನೇ ಮೊದಲು ಕಳುಹಿಸುತ್ತಿದ್ದರು. ಎರಡನೆಯ ಆಜ್ಞೆ ನೆರವೇರುವಷ್ಟರಲ್ಲಿ ಬಂಡಿಗೆ ಸ್ವಲ್ಪ ಬಿಡುವು ದೊರೆಯುತ್ತಿತ್ತು. 1963ರಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ಕ್ಯಾರೇಜ್ ರಿಟರ್ನ್‌ಗೆ 13, ಲೈನ್ ಫೀಡ್‌ಗೆ 10 ಎಂಬ ಸಂಖ್ಯೆಗಳು ನಿಗದಿಯಾದವು.

ಯಂತ್ರ ಹೋಯಿತು, ಆಜ್ಞೆಗಳು ಉಳಿದವು. ಯೂನಿಕ್ಸ್ ಮತ್ತು ಅದರ ದಾರಿಯಲ್ಲಿ ನಡೆದ ಲಿನಕ್ಸ್‌ಗಳು ಲೈನ್ ಫೀಡ್ ಒಂದೇ ಸಾಕೆಂದುಕೊಂಡವು. ಎಂಎಸ್-ಡಾಸ್ ಮತ್ತು ವಿಂಡೋಸ್ ಹಳೆಯ ಜೋಡಿಯನ್ನೇ ಉಳಿಸಿಕೊಂಡವು. ಮೊದಮೊದಲಿನ ಮ್ಯಾಕಿಂತೋಶ್ ಗಣಕಗಳದು ಮೂರನೆಯ ದಾರಿ, ಅಂದರೆ ಕ್ಯಾರೇಜ್ ರಿಟರ್ನ್ ಮಾತ್ರ. 2001ರಲ್ಲಿ ಬಂದ ಹೊಸ ವ್ಯವಸ್ಥೆಯಿಂದ ಅವೂ ಯೂನಿಕ್ಸ್‌ನ ಪದ್ಧತಿಗೆ ಸೇರಿದವು.

ಒಬ್ಬನೇ ಬರೆದು ಒಬ್ಬನೇ ಓದುವುದಾದರೆ ಇದರಿಂದ ಬಾಧಕವಿಲ್ಲ. ಹಲವರು ಕೂಡಿ ಬರೆಯುವಾಗ ತೊಂದರೆ ಹುಟ್ಟುತ್ತದೆ. ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕನ್ನಡ, ತಮಿಳು, ತೆಲುಗುಗಳು ಬೆರೆತಿದ್ದ ಆ ಗಣಿಯ ಮಾತುಗಳನ್ನು ಬಲ್ಲವರು ಈಗ ಹಿರಿಯರು. ಅಂತಹ 600 ಪದಗಳನ್ನು, ಸಾಲಿಗೊಂದರಂತೆ, ರಾಬರ್ಟ್‌ಸನ್‌ಪೇಟೆಯ ವಿದ್ಯಾರ್ಥಿನಿಯೊಬ್ಬಳೂ ಕೋಲಾರದ ಅವಳ ಸಹಪಾಠಿಯೂ ಸಂಗ್ರಹಿಸುತ್ತಿದ್ದಾರೆಂದು ಊಹಿಸಿಕೊಳ್ಳಬಹುದು. ಅವಳದು ಲಿನಕ್ಸ್ ಗಣಕ, ಅವನದು ವಿಂಡೋಸ್. ಯಾರು, ಯಾವಾಗ, ಯಾವ ಸಾಲನ್ನು ಬರೆದರು ಅಥವಾ ತಿದ್ದಿದರು ಎಂಬುದನ್ನು ಕಾಪಾಡಲು ಅವರು ಗಿಟ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಯನ್ನು ಬಳಸುತ್ತಾರೆ. ಲಿನಸ್ ಟೊರ್ವಾಲ್ಡ್ಸ್ ಇದನ್ನು 2005ರಲ್ಲಿ ರಚಿಸಿದನು.

ಒಂದು ದಿನ ಸಹಪಾಠಿಯು ಒಂದೇ ಒಂದು ಪದದ ಕಾಗುಣಿತವನ್ನು ತಿದ್ದುತ್ತಾನೆ. ಅವನ ತಂತ್ರಾಂಶವು ಕಡತವನ್ನು ಉಳಿಸುವಾಗ ಪ್ರತಿಯೊಂದು ಸಾಲಿನ ಕೊನೆಗೂ ಕ್ಯಾರೇಜ್ ರಿಟರ್ನ್ ಸೇರಿಸಿಬಿಡುತ್ತದೆ. ಗಿಟ್‌ನ ದೃಷ್ಟಿಯಲ್ಲಿ 600 ಸಾಲುಗಳೂ ಅಳಿಸಿಹೋಗಿ ಹೊಸ 600 ಸಾಲುಗಳು ಬಂದಂತಾಯಿತು. ಪ್ರತಿಯೊಂದು ಪದದ ಮುಂದೆಯೂ ಅವನ ಹೆಸರೇ ಕಾಣುತ್ತದೆ. ಯಾವ ಪದವನ್ನು ಯಾವ ಅಜ್ಜನಿಂದ ಕೇಳಿದ ದಿನ ಬರೆದದ್ದೆಂಬ ಸುಳಿವು ಮರೆಯಾಗುತ್ತದೆ. ನಿಜವಾದ ತಿದ್ದುಪಡಿಯೂ ಆ ರಾಶಿಯಲ್ಲಿ ಹುದುಗಿಹೋಗುತ್ತದೆ. ಅದೇ ದಿನ ವಿದ್ಯಾರ್ಥಿನಿಯೂ ಏನಾದರೂ ತಿದ್ದಿದ್ದರೆ ಎರಡು ಪ್ರತಿಗಳನ್ನು ಕೂಡಿಸುವುದು ಇನ್ನೂ ಕಷ್ಟ.

ಪರಿಹಾರ ಬಂಗಾರಪೇಟೆಯಲ್ಲಿ ಇದ್ದಂತಹದೇ: ಬದಲಾವಣೆಯು ಗಡಿಯ ಒಂದು ಗೊತ್ತಾದ ಸ್ಥಳದಲ್ಲಿ ನಡೆಯಬೇಕು. ಭಂಡಾರದೊಳಗೆ ಎಲ್ಲ ಪಠ್ಯವೂ ಲೈನ್ ಫೀಡ್‌ನಿಂದಲೇ ಕೊನೆಗೊಳ್ಳಲಿ. ಹೊರಗೆ ತೆಗೆಯುವಾಗ ಅವರವರ ಗಣಕಕ್ಕೆ ಒಗ್ಗುವಂತೆ ಮಾರ್ಪಡಲಿ. ಇದನ್ನು ಪ್ರತಿಯೊಬ್ಬನೂ ತನ್ನ ಗಣಕದಲ್ಲಿ ಆಟೋಸಿಆರ್‌ಎಲ್‌ಎಫ್ ಎಂಬ ಆಯ್ಕೆಯಿಂದ ಏರ್ಪಡಿಸಿಕೊಳ್ಳಬಹುದು; ಆದರೆ ಒಬ್ಬನು ಮರೆತರೂ ಸಾಕು, ಎಲ್ಲರ ಕೆಲಸ ಕೆಡುತ್ತದೆ. ಗಿಟ್‌ಆಟ್ರಿಬ್ಯೂಟ್ಸ್ ಎಂಬ ಪುಟ್ಟ ಕಡತದಲ್ಲಿ ನಿಯಮವನ್ನು ಬರೆದು ಭಂಡಾರದಲ್ಲಿಯೇ ಇರಿಸುವುದು ಮೇಲು. ಆಗ ನಿಯಮವು ಪದಪಟ್ಟಿಯೊಡನೆಯೇ ಎಲ್ಲರ ಮನೆಗೂ ಹೋಗುತ್ತದೆ.

ಛಾಯಾಚಿತ್ರಗಳ ವಿಷಯ ಬೇರೆ. ಚಿತ್ರದ ಕಡತದಲ್ಲಿ ಬರುವ 13, 10 ಎಂಬ ಸಂಖ್ಯೆಗಳು ಸಾಲಿನ ಕೊನೆಗಳಲ್ಲ. ಅವನ್ನು ತಿದ್ದಿದರೆ ಚಿತ್ರವೇ ಕೆಡುತ್ತದೆ. ಪಿಎನ್‌ಜಿ ಎಂಬ ಚಿತ್ರರೂಪವನ್ನು ನಿರ್ಮಿಸಿದವರು ಈ ಅಪಾಯವನ್ನು ಬಲ್ಲವರಾಗಿದ್ದರು. ಕಡತದ ಮೊದಲ ಎಂಟು ಸಂಖ್ಯೆಗಳಲ್ಲಿ ಈ ಜೋಡಿಯನ್ನು ಬೇಕೆಂದೇ ಇರಿಸಿದರು. ಯಾರಾದರೂ ಅದನ್ನು ಮಾರ್ಪಡಿಸಿದ್ದರೆ ಆರಂಭದಲ್ಲಿಯೇ ತಿಳಿದುಬಿಡುತ್ತದೆ. ಆದುದರಿಂದ ಶಾಫ್ಟ್‌ಗಳ ಚಿತ್ರಗಳನ್ನೂ ಪಟ್ಟಿಯೊಡನೆ ಇರಿಸುವವರು ಇವು ಪಠ್ಯವಲ್ಲವೆಂದು ಅದೇ ನಿಯಮದ ಕಡತದಲ್ಲಿ ನಮೂದಿಸಬೇಕು.

ನಿಯಮ ಬರುವ ಮೊದಲೇ ಭಂಡಾರವನ್ನು ಸೇರಿದ ಸಾಲುಗಳನ್ನು ಒಮ್ಮೆ ಸರಿಪಡಿಸಬೇಕಾಗುತ್ತದೆ. ಅದನ್ನು ಬೇರೆ ಯಾವ ತಿದ್ದುಪಡಿಯೊಡನೆಯೂ ಬೆರೆಸದೆ, ಕಾರಣವನ್ನು ಬರೆದು, ಪ್ರತ್ಯೇಕವಾಗಿ ದಾಖಲಿಸುತ್ತಾರೆ. ಅಂತಹ ದಾಖಲೆಗಳನ್ನು ಬದಿಗಿರಿಸಿ, ಸಾಲುಗಳನ್ನು ಅದಕ್ಕೂ ಮುನ್ನ ಬರೆದವರ ಹೆಸರುಗಳನ್ನು ಹುಡುಕಿ ತೋರಿಸುವ ಸೌಕರ್ಯವು 2019ರಿಂದ ಗಿಟ್‌ನಲ್ಲಿದೆ.