ಗೋಡೆಯ ಅಳತೆ, ಬಣ್ಣದ ಲೆಕ್ಕ



ಸುಗ್ಗಿ ಮುಗಿದು ಮದುವೆ, ಹಬ್ಬಗಳು ಹತ್ತಿರ ಬಂದವೆಂದರೆ ಮನೆಗೆ ಬಣ್ಣ ಬಳಿಸುವ ಮಾತು ಏಳುತ್ತದೆ. ಅನೇಕರು ಅಂಗಡಿಗೆ ಹೋಗಿ, "ಹತ್ತು ಹನ್ನೆರಡರ ಕೋಣೆಗೆ ಎಷ್ಟು ಬಣ್ಣ ಬೇಕು?" ಎಂದು ಕೇಳಿ, ಹೇಳಿದಷ್ಟನ್ನು ತರುತ್ತಾರೆ. ಹೆಚ್ಚು ತಂದರೆ ಉಳಿದ ಬಣ್ಣ ಡಬ್ಬಿಯಲ್ಲೇ ಗಟ್ಟಿಯಾಗಿ ಹಾಳಾಗುತ್ತದೆ. ಕಡಿಮೆ ತಂದರೆ ಇನ್ನೂ ಕಷ್ಟ. ಎರಡನೆಯ ಸಲ ಬೆರೆಸಿ ಕೊಟ್ಟ ಬಣ್ಣ ಮೊದಲಿನದಕ್ಕೆ ಸರಿಹೊಂದದೆ ಗೋಡೆ ತೇಪೆ ಹಾಕಿದಂತೆ ಕಾಣಬಹುದು. ಬಸ್ಸಿನ ಖರ್ಚೂ ಕೆಲಸ ನಿಂತ ದಿನದ ಕೂಲಿಯೂ ಬೇರೆ.

ಹೊಲದ ವಿಸ್ತೀರ್ಣ ನೋಡಿ ಬಿತ್ತನೆ ಬೀಜ ತರುವ ನಿಮಗೆ ಈ ಲೆಕ್ಕ ಹೊಸದಲ್ಲ. ಬೀಜ ಬೀಳುವ ನೆಲವನ್ನು ಅಳೆಯುವಂತೆ, ಬಣ್ಣ ಹತ್ತುವ ಗೋಡೆಯನ್ನು ಅಳೆಯಬೇಕು. "ಹತ್ತು ಹನ್ನೆರಡು" ಎಂಬುದು ನೆಲದ ಅಳತೆ, ಗೋಡೆಯದಲ್ಲ.

ಲೆಕ್ಕ ಮಾಡುವ ಕ್ರಮ ಹೀಗಿದೆ. ಕೋಣೆಯ ಉದ್ದ 12 ಅಡಿ, ಅಗಲ 10 ಅಡಿ, ಎತ್ತರ 10 ಅಡಿ ಎಂದಿಟ್ಟುಕೊಳ್ಳಿರಿ.

1. ಉದ್ದ, ಅಗಲ ಕೂಡಿಸಿ ಎರಡರಿಂದ ಗುಣಿಸಿರಿ: 44 ಅಡಿ. ಇದು ನಾಲ್ಕು ಗೋಡೆಗಳ ಸುತ್ತಳತೆ.

2. ಅದನ್ನು ಎತ್ತರದಿಂದ ಗುಣಿಸಿರಿ: 440 ಚದರ ಅಡಿ.

3. ಬಾಗಿಲು, ಕಿಟಕಿಗಳನ್ನು ಕಳೆಯಿರಿ. 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲು 21 ಚದರ ಅಡಿ. 4 ಅಡಿಗೆ 3 ಅಡಿಯ ಎರಡು ಕಿಟಕಿಗಳು 24 ಚದರ ಅಡಿ. ಉಳಿಯುವುದು 395 ಚದರ ಅಡಿ.

4. ಎರಡು ಕೋಟ್ ಬಳಿಯುವುದಾದರೆ ಇಮ್ಮಡಿ: 790 ಚದರ ಅಡಿ.

5. ಒಂದು ಲೀಟರ್ ಎಷ್ಟು ಜಾಗಕ್ಕೆ ಬರುತ್ತದೆಂಬುದನ್ನು ಡಬ್ಬಿಯ ಮೇಲೆ ನೋಡಿರಿ ಅಥವಾ ಅಂಗಡಿಯಲ್ಲಿ ಕೇಳಿರಿ. ಒಂದು ಕೋಟಿಗೆ 100 ಚದರ ಅಡಿ ಎಂದಿದ್ದರೆ ಬೇಕಾಗುವುದು 7.9 ಲೀಟರ್, ಅಂದರೆ ಸುಮಾರು 8 ಲೀಟರ್.

ಕಂಪನಿಯವರು ಕೊಡುವ ಅಳತೆ ಸಾಮಾನ್ಯವಾಗಿ ನುಣುಪಾದ ಗೋಡೆಗೆ ಸಲ್ಲುವಂಥದು. ಒರಟು ಗೋಡೆಯೂ ಹೊಸ ಗಾರೆಯೂ ಹೆಚ್ಚು ಬಣ್ಣ ಕುಡಿಯುತ್ತವೆ. ಆದ್ದರಿಂದ ಮೊದಲು ಪ್ರೈಮರ್ ಬಳಿಸಿ, ಬಣ್ಣದ ಲೆಕ್ಕಕ್ಕೆ ಹತ್ತರಲ್ಲಿ ಒಂದು ಪಾಲು ಕೂಡಿಸಿಕೊಳ್ಳಿರಿ. ಹೆಂಚಿನ ಮನೆಯ ಗೋಡೆ ಮೇಲೆ ತ್ರಿಕೋನವಾಗಿದ್ದರೆ, ಆ ಭಾಗದ ಅಗಲವನ್ನು ಎತ್ತರದಿಂದ ಗುಣಿಸಿ, ಅರ್ಧ ಮಾಡಿ ಸೇರಿಸಿರಿ. ತಾರಸಿಯ ಒಳಮೈಗೆ ಬಣ್ಣ ಬೇಕಿದ್ದರೆ ಉದ್ದವನ್ನು ಅಗಲದಿಂದ ಗುಣಿಸಿ ಬೇರೆಯಾಗಿ ಲೆಕ್ಕ ಹಾಕಿರಿ.

ನೆಲದ ಅಳತೆ ಹೇಗೆ ಮೋಸಗೊಳಿಸುತ್ತದೆ ನೋಡಿರಿ. ನಮ್ಮ ಕೋಣೆಯ ನೆಲ 120 ಚದರ ಅಡಿ. 20 ಅಡಿ ಉದ್ದ, 6 ಅಡಿ ಅಗಲದ ಪಡಸಾಲೆಯ ನೆಲವೂ 120 ಚದರ ಅಡಿಯೇ. ಆದರೆ ಅಷ್ಟೇ ಎತ್ತರದ ಪಡಸಾಲೆಯ ನಾಲ್ಕು ಗೋಡೆಗಳು 520 ಚದರ ಅಡಿಯಾಗುತ್ತವೆ; ಕೋಣೆಯವು 440. ಒಂದೇ ನೆಲವೆಂದು ಒಂದೇ ಅಳತೆಯ ಬಣ್ಣ ತಂದರೆ ಪಡಸಾಲೆಯ ಕೊನೆಯ ಗೋಡೆ ಅರ್ಧಕ್ಕೇ ನಿಂತೀತು.

ಬಣ್ಣದ ಕೆಲಸವನ್ನು ಚದರ ಅಡಿಗೆ ಇಷ್ಟೆಂದು ಗುತ್ತಿಗೆ ಕೊಡುವುದುಂಟು. ನಿಮ್ಮ ಗೋಡೆಯ ಅಳತೆ ಕೈಯಲ್ಲಿದ್ದರೆ ಕೂಲಿಯ ಲೆಕ್ಕವನ್ನೂ ನೀವೇ ತಾಳೆ ನೋಡಬಹುದು. ಟೇಪು ಹಿಡಿಯಲು ಶಾಲೆಗೆ ಹೋಗುವ ಮಕ್ಕಳನ್ನು ಕರೆಯಿರಿ. ಅವರ ಗಣಿತ ಪಾಠವೂ ಆದೀತು, ಮನೆಯ ಹಣವೂ ಉಳಿದೀತು.