ಪೆಟ್ಟಿಗೆಯನ್ನು ಬೈದರೆ ಸಾಕೇ?

ಇಶಾ ನಮಾಝ್ ಮುಗಿಸಿ ಮನೆಗೆ ಮರಳುವಾಗ ಮನಸ್ಸು ಹಗುರಾಗಿರಬೇಕು. ಆದರೆ ಬಹಳ ದಿನ ನನ್ನ ಸ್ಥಿತಿ ಹಾಗಿರಲಿಲ್ಲ. ಕಣಕಟ್ಟೆಯ ನಮ್ಮ ಬೀದಿಯಲ್ಲಿ ನಡೆದು ಬಂದರೆ ಒಂದೊಂದು ಮನೆಯಿಂದಲೂ ಟಿ.ವಿ.ಯ ಅದೇ ಅಳು, ಅದೇ ಚೀರಾಟ. ಅತ್ತೆ-ಸೊಸೆಯರ ಸಂಚು, ಹತ್ತಾರು ಮಂದಿಯನ್ನು ಒಂದೇ ಮನೆಯಲ್ಲಿ ಕೂಡಿಹಾಕಿ ಜಗಳವಾಡಿಸುವ ಆಟ, ಯಾವ ನಟಿಯ ಸಂಸಾರ ಮುರಿಯಿತೆಂಬ ಸುದ್ದಿ. ಹಗಲಿಡೀ ಕೊಬ್ಬರಿಯ ಬೆಲೆ, ತೆಂಗಿನ ರೋಗ ಎಂದು ಬೇಯುವ ಊರು ರಾತ್ರಿ ಇದನ್ನು ನೋಡಿ ಮಲಗುತ್ತದಲ್ಲಾ ಎಂದು ಮನ ಕುಗ್ಗುತ್ತಿತ್ತು. ಆ ಸಿಡುಕನ್ನೆಲ್ಲ ಮನೆಯವರ ಮೇಲೆ ಸುರಿಯುತ್ತಿದ್ದೆ.

ಟಿ.ವಿ. ಕರ್ನಾಟಕದ ಹಳ್ಳಿಗಳಿಗೆ ಮೊದಲು ಬಂದದ್ದು ಇದಕ್ಕಾಗಿ ಅಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಪ್ರಾಯೋಗಿಕವಾಗಿ ಕಾರ್ಯಕ್ರಮಗಳು ಪ್ರಸಾರವಾದವು. ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ. ಸಂಜೆ ಊರವರೆಲ್ಲ ಕೂಡಿ ಕುಳಿತು ಬೇಸಾಯ, ಆರೋಗ್ಯದ ವಿಷಯ ತಿಳಿಯುತ್ತಿದ್ದರು. ಮನರಂಜನೆಯೂ ಕೀಳಾಗಿಯೇ ಇರಬೇಕೆಂದಿಲ್ಲ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ, ದೂರದರ್ಶನದಲ್ಲಿ ಬಂದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಮನೆಮಂದಿಯೆಲ್ಲ ಸಂಕೋಚವಿಲ್ಲದೆ ನೋಡಿದ್ದಾರೆ.

ಹಾಗಾದರೆ ಕೆಟ್ಟದ್ದು ಎಲ್ಲಿ? 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಕನ್ನಡದಲ್ಲಿಯೂ ಖಾಸಗಿ ಚಾನೆಲ್‌ಗಳು ಬೆಳೆದವು. 2013ರಲ್ಲಿ ಬಿಗ್ ಬಾಸ್ ಕನ್ನಡಕ್ಕೂ ಬಂತು. ಈ ಚಾನೆಲ್‌ಗಳು ಮುಖ್ಯವಾಗಿ ಬದುಕುವುದು ಜಾಹೀರಾತಿನಿಂದ. ಜಾಹೀರಾತು ಕೊಡುವವನು ಕೊಳ್ಳುವುದು ನೋಡುಗರ ನಿಮಿಷಗಳನ್ನು. ಅದನ್ನು ಅಳೆಯಲು ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟಿರುತ್ತಾರೆ. ಆ ಮೀಟರಿಗೆ ಯಾವ ಚಾನೆಲ್ ಎಷ್ಟು ಹೊತ್ತು ಓಡಿತೆಂಬುದಷ್ಟೇ ಗೊತ್ತು. ನೋಡಿದವನು ಮೆಚ್ಚಿದನೋ, ಹಲ್ಲು ಕಡಿದನೋ ಅದಕ್ಕೆ ತಿಳಿಯದು. ಬೈಯುತ್ತ ನೋಡಿದವನೂ ಲೆಕ್ಕದಲ್ಲಿ ಗಿರಾಕಿಯೇ! ಮೊಬೈಲಿನಲ್ಲಿಯೂ ಅಷ್ಟೇ, ಸಿಟ್ಟಿನಿಂದ ಬರೆದ ಒಂದು ಮಾತೂ ಆ ವೀಡಿಯೊವನ್ನು ಇನ್ನೂ ಹತ್ತು ಜನರ ಮುಂದೆ ತರಬಹುದು.

ಪರರ ಗುಟ್ಟನ್ನು ಕೆದಕಬೇಡಿರಿ, ಬೆನ್ನ ಹಿಂದೆ ದೂಷಿಸಬೇಡಿರಿ ಎಂದು ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್ ಎಚ್ಚರಿಸುತ್ತದೆ. ಹಾಗೆ ದೂಷಿಸುವುದನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಅದು ಹೋಲಿಸುತ್ತದೆ. ತಾರೆಯರ ಮನೆಯೊಳಗೆ ಇಣುಕುವ ಕಾರ್ಯಕ್ರಮಗಳು ಮಾರುವ ಸರಕು ಇದೇ ಅಲ್ಲವೇ? ಈ ವಚನವನ್ನು ನಾನು ಮನೆಯಲ್ಲಿ ಹತ್ತಾರು ಸಲ ಹೇಳಿದ್ದೆ. ಆದರೆ ಅದಕ್ಕೂ ಮೊದಲಿನ ವಚನವನ್ನು ಮರೆತಿದ್ದೆ. ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡಬಾರದು; ಗೇಲಿಗೊಳಗಾದವರೇ ಉತ್ತಮರಾಗಿರಬಹುದು ಎಂಬುದು ಅದರ ಬೋಧನೆ.

ಅದು ನೆನಪಾದದ್ದು ನನ್ನ ತಾಯಿಯಿಂದ. ಒಂದು ರಾತ್ರಿ ನಾನು ರಿಮೋಟನ್ನು ಕಿತ್ತುಕೊಂಡು, "ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ?" ಎಂದು ರೇಗಿದೆ. ಅವರು ಸಿಟ್ಟಾಗಲಿಲ್ಲ. "ಬೇಟಾ, ನೀನು ಬರುವುದು ರಾತ್ರಿ. ಬಂದರೂ ಮುಖ ಗಂಟು ಹಾಕಿಕೊಂಡಿರುತ್ತೀ. ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತವೆ. ಸಂಜೆ ಹೊತ್ತು ನನ್ನ ಜೊತೆ ಮಾತಾಡುವುದು ಅದೊಂದೇ" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ನಾನು ಖಾಲಿ ಬಿಟ್ಟ ಜಾಗದಲ್ಲಿ ಆ ಪೆಟ್ಟಿಗೆ ಬಂದು ಕುಳಿತಿತ್ತು.

ಓದುಗರೇ, ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಅನೇಕರು ನಷ್ಟ ಹೊಂದುತ್ತಾರೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಧಾರಾವಾಹಿ ನೋಡುವವರ ಬಿಡುವು ಮಾತ್ರ ಹಾಳಾಗುತ್ತದೆ ಎಂದುಕೊಂಡಿದ್ದೆ. ಅವರನ್ನು ಹಳಿಯುತ್ತ ಕುಳಿತ ನನ್ನ ಬಿಡುವು ಎಲ್ಲಿ ಹೋಯಿತು? ಚಿಂತೆ-ದುಃಖಗಳಿಂದ ಅಲ್ಲಾಹನ ಅಭಯ ಬೇಡುವಾಗ ಪ್ರವಾದಿವರ್ಯರು(ಸ) ಅದೇ ಪ್ರಾರ್ಥನೆಯಲ್ಲಿ ಅಸಹಾಯಕತೆ ಮತ್ತು ಆಲಸ್ಯದಿಂದಲೂ ಅಭಯ ಬೇಡುತ್ತಿದ್ದರು. ಇವು ಒಂದನ್ನೊಂದು ಬೆಳೆಸುತ್ತವೆ. ಬರೇ ಕೊರಗುವವನು ಏನನ್ನೂ ಮಾಡುವುದಿಲ್ಲ. ಏನನ್ನೂ ಮಾಡದವನ ಕೊರಗು ಹೆಚ್ಚುತ್ತಲೇ ಇರುತ್ತದೆ.

ಪ್ರಸಿದ್ಧಿಯೂ ತಾನಾಗಿಯೇ ಕೆಟ್ಟದ್ದಲ್ಲ. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಕಂಡು ಅನೇಕರು ನೇತ್ರದಾನಕ್ಕೆ ಹೆಸರು ಬರೆಸಿದರು. ಜನರ ಮನಸ್ಸು ಒಳಿತಿಗೂ ಓಗೊಡುತ್ತದೆ. ಹಾಗಿರುವಾಗ ಅವರನ್ನು ದಡ್ಡರೆಂದು ಜರೆಯುವ ಹಕ್ಕು ನಮಗೆಲ್ಲಿದೆ?

ಈಗ ನಮ್ಮ ಮನೆಯಲ್ಲಿ ಮಗ್ರಿಬ್‌ನಿಂದ ಇಶಾವರೆಗೆ ಟಿ.ವಿ.ಯೂ ಇಲ್ಲ, ಮೊಬೈಲೂ ಇಲ್ಲ. ಆ ಹೊತ್ತಿಗೆ ನಾನೂ ಮನೆಯಲ್ಲಿರುತ್ತೇನೆ. ಮಕ್ಕಳು ಕುರ್‌ಆನ್ ಓದುತ್ತಾರೆ, ಶಾಲೆಯ ಸುದ್ದಿ ಹೇಳುತ್ತಾರೆ. ತಾಯಿ ಹಳೆಯ ಬರಗಾಲದ ದಿನಗಳ ಕಥೆ ತೆಗೆಯುತ್ತಾರೆ. ಆಮೇಲೆ ಅವರು ತಮ್ಮ ಒಂದು ಧಾರಾವಾಹಿಯನ್ನು ನೋಡುವುದುಂಟು. ಕೆಲವೊಮ್ಮೆ ಅದನ್ನು ಮರೆತೇ ಮಾತಿನಲ್ಲಿ ಮುಳುಗಿರುತ್ತಾರೆ.

ಚಾನೆಲ್‌ಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಆ ಒಂದು ಗಂಟೆ ನಮ್ಮ ಕೈಯಲ್ಲಿದೆ. ಅದರ ಲೆಕ್ಕವನ್ನು ಅಲ್ಲಾಹನು ಕೇಳುವನು. ಆ ಗಂಟೆಯನ್ನು ಮನೆಯವರ ಹಕ್ಕೆಂದು ತಿಳಿದು ಅವರಿಗೆ ಕೊಡುವ ಸೌಭಾಗ್ಯವನ್ನು ಅವನು ನಮಗೆಲ್ಲರಿಗೂ ಕರುಣಿಸಲಿ.