'ಜನರು' ಎಂದು ಕಪ್ಪುಹಲಗೆಯ ಮೇಲೆ ಬರೆದಾಗ

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಘಟಕ ಮುಗಿದ ದಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಆಮ್ಯಾಲೆ ಅಲ್ಲಿ ಏನಾತ್ರಿ ಸರ?" ಎಂದು ಕೇಳಿದ. ನಮ್ಮ ಘಟಕ ಅಲ್ಲಿಗೇ ನಿಂತಿತ್ತು. ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು 1800ರಿಂದ 1840ರವರೆಗಿನ ಬದಲಾವಣೆಗಳ ಮೇಲೆ ಒಂದು ಪೂರಕ ಪಾಠ ಯೋಜಿಸಿದೆ. ಅದೇ ನನ್ನ ವಿಮರ್ಶಾ ಪಾಠವೂ ಆಯಿತು.

ಚಾರ್ಟಿನಲ್ಲಿ ಮೂರು ಅಂಕಣ ಮಾಡಿದ್ದೆ: ಆರ್ಥಿಕ, ರಾಜಕೀಯ, ಸಾಮಾಜಿಕ. ಬಣ್ಣ ಬಣ್ಣದ ಅಕ್ಷರಗಳಲ್ಲಿ ನೋಡಲು ಅಂದವಾಗಿತ್ತು. ತೊಂದರೆ ಶುರುವಾದದ್ದೂ ಅದರಿಂದಲೇ.

ಮೊದಲ ಅಂಕಣ ಚೆನ್ನಾಗಿ ಸಾಗಿತು. ನಕ್ಷೆಯ ಮೇಲೆ ಹಡ್ಸನ್ ನದಿಯ ದಂಡೆಯ ಆಲ್ಬನಿಯಿಂದ ಈರಿ ಸರೋವರದ ಬಫಲೋವರೆಗೆ ನೀಲಿ ದಾರ ಅಂಟಿಸಿ ಈರಿ ಕಾಲುವೆಯನ್ನು ತೋರಿಸಿದೆ. 1817ರಲ್ಲಿ ಅಗೆತ ಆರಂಭ, 1825ರಲ್ಲಿ ಮುಕ್ತಾಯ. ಉದ್ದ 363 ಮೈಲಿ, ಅಗಲ 40 ಅಡಿ, ಆಳ ಬರೀ 4 ಅಡಿ. "ಸರೋವರ ಎತ್ತರದಾಗ ಐತಿ ಅಂದ್ರಿ, ದೋಣಿ ಹೆಂಗ ಏರತೈತ್ರಿ?" ಎಂಬ ಪ್ರಶ್ನೆ ಬಂತು. ಮೇಜಿನ ಮೇಲೆ ಎರಡು ಡಸ್ಟರ್‌ಗಳನ್ನು ಬಾಗಿಲುಗಳಂತೆ ನಿಲ್ಲಿಸಿದೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮೇಲಿನಿಂದ ನೀರು ಬಿಟ್ಟರೆ, ನೀರಿನ ಜೊತೆ ದೋಣಿಯೂ ಏರುತ್ತದೆ. ಆಮೇಲೆ ಮುಂದಿನ ಬಾಗಿಲು ತೆರೆಯುತ್ತಾರೆ. ಇಂಥವು 83 ಇದ್ದವು. ದೋಣಿ ಎಳೆಯುತ್ತಿದ್ದದ್ದು ದಂಡೆಯ ಮೇಲೆ ನಡೆಯುವ ಕುದುರೆ, ಹೇಸರಗತ್ತೆ. ಬಫಲೋದಿಂದ ನ್ಯೂಯಾರ್ಕಿಗೆ ಒಂದು ಟನ್ ಸರಕಿನ ಸಾಗಣೆಗೆ ಸುಮಾರು 100 ಡಾಲರ್ ಆಗುತ್ತಿದ್ದದ್ದು 10 ಡಾಲರ್ ಆಸುಪಾಸಿಗೆ ಇಳಿಯಿತು. ಹಾಗಾದರೆ ರೈತ ಏನು ಮಾಡುತ್ತಾನೆ ಎಂದು ಕೇಳಿದೆ. ಮಾರಲಿಕ್ಕೆ ಗೋಧಿ ಬೆಳೆಯುತ್ತಾನೆ, ಬಟ್ಟೆಯನ್ನು ಅಂಗಡಿಯಲ್ಲಿ ಕೊಳ್ಳುತ್ತಾನೆ ಎಂದು ಮಕ್ಕಳೇ ಹೇಳಿದರು. ಅಲ್ಲಿಂದ ಲೋವೆಲ್ ಊರಿನ ಗಿರಣಿಗಳಿಗೆ ಬಂದೆವು. ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿ ಕೆಲಸಕ್ಕೆ ಸೇರಿದ್ದು, ಕೂಲಿ ಕಡಿತದ ವಿರುದ್ಧ 1834ರಲ್ಲಿ ಅವರು ಕೆಲಸ ನಿಲ್ಲಿಸಿ ಹೊರಬಂದದ್ದು ಹುಡುಗಿಯರಿಗೆ ಬಹಳ ಹಿಡಿಸಿತು.

ಆ ಗಿರಣಿಗಳಿಗೆ ಹತ್ತಿ ಬರುತ್ತಿದ್ದದ್ದು ದಕ್ಷಿಣದ ರಾಜ್ಯಗಳಿಂದ. 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರ ಮಾಡಿದ. ಯಂತ್ರ ಬಂದರೆ ಗುಲಾಮರ ಸಂಖ್ಯೆ ಏನಾಗಬೇಕು ಎಂದು ಕೇಳಿದಾಗ ಇಡೀ ತರಗತಿ "ಕಡಿಮಿ" ಎಂದಿತು. ಹಲಗೆಯ ಮೇಲೆ ಬರೆದೆ: 1790ರಲ್ಲಿ ಸುಮಾರು 7 ಲಕ್ಷ, 1830ರಲ್ಲಿ ಸುಮಾರು 20 ಲಕ್ಷ. ಕಾರಣ ವಿವರಿಸಲು ನನ್ನ ಯೋಜನೆಯಲ್ಲಿ ಐದು ವಾಕ್ಯಗಳಿದ್ದವು. ಅವು ಬೇಕಾಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಬೀಜ ತಗಿಯೂದು ಮಷೀನ್ರಿ, ಹತ್ತಿ ಬಿಡಸೂದು ಕೈಯಿಂದನ ಅಲ್ರಿ" ಎಂದಳು. ಸುಗ್ಗಿಯಲ್ಲಿ ಹತ್ತಿ ಬಿಡಿಸಲು ಹೋಗಿ ಶಾಲೆ ತಪ್ಪಿಸುವ ಹುಡುಗಿ ಅವಳು. ಬೀಜ ತೆಗೆಯುವುದು ಸುಲಭವಾದಷ್ಟೂ ಹತ್ತಿಯ ಹೊಲ ಹೆಚ್ಚಿತು, ಬಿಡಿಸುವ ಕೈಗಳೂ ಹೆಚ್ಚು ಬೇಕಾದವು.

ಆಮೇಲೆ ಎರಡನೇ ಅಂಕಣ. 'ಜನರಿಗೆ ಮತದಾನದ ಹಕ್ಕು ವಿಸ್ತರಿಸಿತು' ಎಂದು ಬರೆದೆ. 1824ರ ಅಧ್ಯಕ್ಷೀಯ ಚುನಾವಣೆಯಲ್ಲಿ ಚಲಾಯಿತವಾದ ಮತ ಸುಮಾರು 3.6 ಲಕ್ಷ, ಆಂಡ್ರ್ಯೂ ಜಾಕ್ಸನ್ ಗೆದ್ದ 1828ರಲ್ಲಿ 11 ಲಕ್ಷಕ್ಕೂ ಹೆಚ್ಚು. ಅದೇ ಹುಡುಗಿ ಕೇಳಿದಳು: "ಹತ್ತಿ ಬಿಡಿಸಿದವರಿಗೂ ಬಂತೇನ್ರಿ?"

"ಇಲ್ಲ" ಎಂದು ಹೇಳಿ ಮುಂದಕ್ಕೆ ಹೋದೆ. ಗಡಿಯಾರದಲ್ಲಿ ಒಂಬತ್ತು ನಿಮಿಷ ಉಳಿದಿತ್ತು, ಮೌಲ್ಯಮಾಪನ ಬಾಕಿ ಇತ್ತು. ವೀಕ್ಷಕರ ಹಾಳೆಯಲ್ಲಿ ಧ್ವನಿ, ಹಲಗೆ ಬಳಕೆ, ಉಪಕರಣ ಎಲ್ಲಕ್ಕೂ ಒಳ್ಳೆಯ ಅಂಕವಿತ್ತು. ಕೆಳಗೆ ಒಂದೇ ಸಾಲು: ಜನರು ಎಂದರೆ ಯಾರು?

ಎರಡು ದಿನದ ನಂತರ ಇನ್ನೊಂದು ವಿಭಾಗಕ್ಕೆ ಅದೇ ಪಾಠ ಮಾಡಬೇಕಿತ್ತು. ಚಾರ್ಟನ್ನು ಕತ್ತರಿಸಿ ಅಂಕಣಗಳನ್ನು ಬಿಡಿಸಿದೆ. 'ಜನರು' ಇದ್ದಲ್ಲಿ 'ಬಿಳಿಯ ಪುರುಷರು' ಎಂದು ಬರೆದೆ. ಬರೆದ ಮೇಲೆ ಉಳಿದವರ ಲೆಕ್ಕವನ್ನೂ ಕೊಡಬೇಕಾಯಿತು. ನ್ಯೂಜೆರ್ಸಿಯಲ್ಲಿ ಆಸ್ತಿಯಿದ್ದ ಮಹಿಳೆಯರಿಗೂ ಕಪ್ಪು ಜನರಿಗೂ ಇದ್ದ ಮತವನ್ನು 1807ರಲ್ಲಿ ಕಿತ್ತುಕೊಂಡರು. ನ್ಯೂಯಾರ್ಕಿನ 1821ರ ಸಂವಿಧಾನ ಬಿಳಿಯರಿಗೆ ಆಸ್ತಿಯ ಷರತ್ತು ತೆಗೆದು, ಕಪ್ಪು ಪುರುಷರಿಗೆ 250 ಡಾಲರ್ ಆಸ್ತಿ ಬೇಕೆಂದಿತು. ಒಂದೇ ಕಾಗದದಲ್ಲಿ ಎರಡೂ! ಹೊಸ ಹತ್ತಿ ಹೊಲಗಳ ನೆಲ ಎಲ್ಲಿಂದ ಬಂತು ಎಂಬ ಪ್ರಶ್ನೆ ಚೆರೋಕಿಗಳ ಕಡೆಗೆ ಒಯ್ದಿತು. ಸೆಕ್ವೋಯಾ ರೂಪಿಸಿದ ಸ್ವಂತ ಲಿಪಿ, 1828ರಿಂದ ಸ್ವಂತ ಪತ್ರಿಕೆ ಅವರಿಗಿತ್ತು. ಆದರೂ 1830ರ ಕಾಯ್ದೆಯ ಬಲದ ಮೇಲೆ ಅವರನ್ನು ಮಿಸಿಸಿಪ್ಪಿಯ ಆಚೆಗೆ ಅಟ್ಟಲಾಯಿತು. 1838–39ರ ಆ ಪ್ರಯಾಣದಲ್ಲಿ ಸತ್ತವರು ಸುಮಾರು 4,000 ಎಂದು ಅಂದಾಜು.

"ಎಲ್ಲ ಕೆಟ್ಟದ್ದನ್ನೇ ಹೇಳಿದಿರಿ" ಎಂದು ಸಹಪ್ರಶಿಕ್ಷಣಾರ್ಥಿಯೊಬ್ಬರು ಆಕ್ಷೇಪಿಸಿದರು. ಇದನ್ನು ನಾನು ಪೂರ್ತಿ ಒಪ್ಪಲಾರೆ. ಕಾಲುವೆಯ ಲಾಭ, ಬಡ ಬಿಳಿಯ ಕೂಲಿಕಾರನ ಕೈಗೆ ಬಂದ ಮತ ಎರಡೂ ನಿಜ, ಎರಡನ್ನೂ ಕಲಿಸಿದೆ. ಆದರೆ ಈ ಸಲ ಕಾಲುವೆಗೆ ಆರೇ ನಿಮಿಷ ಸಿಕ್ಕಿತು, ಲೋವೆಲ್ ಬಿಟ್ಟೇ ಹೋಯಿತು. ಒಂದೇ ಅವಧಿಗೆ ಇಷ್ಟನ್ನು ತುಂಬಿದ್ದು ನನ್ನ ತಪ್ಪು. ಎರಡು ಅವಧಿ ಬೇಕು. ಪೀಠಿಕೆಗೆ ವಾಷಿಂಗ್ಟನ್ ಚಿತ್ರದ ಬದಲು ಒಂದು ಹಿಡಿ ಹತ್ತಿಯನ್ನೇ ಒಯ್ಯಬಹುದಿತ್ತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ತೋಟಗಾರರನ್ನು ಕರೆಸಿ ನ್ಯೂ ಆರ್ಲಿಯನ್ಸ್ ತಳಿಯನ್ನು ನಮ್ಮ ಈ ಎರೆನೆಲದಲ್ಲೇ ಬಿತ್ತಿಸಿತ್ತು. 'ಧಾರವಾಡ ಅಮೆರಿಕನ್' ಎಂಬ ಹೆಸರು ಬಂದದ್ದು ಹಾಗೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಇಟ್ಟಿದ್ದೆ: 1828ರ ಚುನಾವಣೆಯ ಸುದ್ದಿಯನ್ನು ಆ ಕಾಲದ ಯಾರಾದರೂ ಒಬ್ಬರ ಬಾಯಲ್ಲಿ ಹೇಳಿಸಿರಿ. ಹೆಚ್ಚಿನವರು ಜಾಕ್ಸನ್ನನನ್ನೇ ಆರಿಸಿದರು. ಒಬ್ಬ ಮಾತ್ರ ಕಾಲುವೆಯ ಹೇಸರಗತ್ತೆಯನ್ನು ಆರಿಸಿ, ತನಗೆ ಯಾರು ಗೆದ್ದರೂ ಅಷ್ಟೇ ದೂರ ಎಂದು ಬರೆದಿದ್ದ. ಅವನಿಗೂ ಪೂರ್ಣ ಅಂಕ ಕೊಟ್ಟೆ.